ತಾಯಿ ಕಾರ್ಡಿನಲ್ಲಿ ಇಲ್ಲದ ಕಾಲಂ

ಬಸುರಿಯೊಬ್ಬಳು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಪಾಸಣೆಗೆ ಬಂದರೆ ಅವಳ ತಾಯಿ ಕಾರ್ಡ್ ತುಂಬುತ್ತಾ ಹೋಗುತ್ತದೆ. ತೂಕ ಎಷ್ಟು, ರಕ್ತದೊತ್ತಡ ಎಷ್ಟು, ಹಿಮೋಗ್ಲೋಬಿನ್ ಎಷ್ಟು, ಕೊನೆಯ ಸಲ ಮುಟ್ಟಾದದ್ದು ಯಾವಾಗ, ಕಬ್ಬಿಣಾಂಶದ ಮಾತ್ರೆ ಕೊಟ್ಟಾಯಿತೇ. ಮುಂಗೈ ಮೇಲೆ ಕಪ್ಪುಗಟ್ಟಿದ ಗುರುತು ಹೇಗೆ ಬಂತು ಎಂದು ಬರೆಯಲು ಆ ಕಾರ್ಡಿನಲ್ಲಿ ಕಾಲಂ ಇಲ್ಲ. ನರ್ಸ್ ತಾನಾಗಿಯೇ ಕೇಳಿದರೂ ಪಕ್ಕದಲ್ಲಿರುವ ಅತ್ತೆಯೋ ಗಂಡನೋ ಅವಳಿಗಿಂತ ಮೊದಲು ಉತ್ತರಿಸುತ್ತಾರೆ: ‘ಬಚ್ಚಲಲ್ಲಿ ಕಾಲು ಜಾರಿ ಬಿದ್ದಳು.’ ಅವಳು ಹೌದೆಂದು ತಲೆಯಾಡಿಸುತ್ತಾಳೆ. ಹೊರಗೆ ಸಾಲು ಉದ್ದವಿದೆ. ಮುಂದಿನ ಹೆಸರು ಕೂಗುತ್ತಾರೆ.

ಗರ್ಭಿಣಿಯರ ಮೇಲೆ ನಡೆಯುವ ಕೌಟುಂಬಿಕ ದೌರ್ಜನ್ಯವನ್ನು ಅಧ್ಯಯನ ಮಾಡುವವರ ಕಷ್ಟವೆಲ್ಲ ಈ ಅರ್ಧ ನಿಮಿಷದಲ್ಲಿ ಅಡಗಿದೆ. ಗಾಯ ಕಣ್ಣಿಗೆ ಕಾಣುತ್ತದೆ, ದಾಖಲೆಯಲ್ಲಿ ಕಾಣುವುದಿಲ್ಲ. ಪ್ರಶ್ನೆ ಕೇಳಿದ್ದೂ ಆಗಿದೆ, ಉತ್ತರ ಬಂದದ್ದೂ ಆಗಿದೆ, ಆದರೆ ನಿಜ ತಿಳಿದಿಲ್ಲ. ಸ್ತ್ರೀವಾದಿ ಸಂಶೋಧಕಿಯರು ಸುಮಾರು ಐವತ್ತು ವರ್ಷಗಳಿಂದ ಹಿಡಿದು ಕೂತಿರುವ ಪ್ರಶ್ನೆ ಇದೇ. ಎಷ್ಟು ಹೆಂಗಸರಿಗೆ ಏಟು ಬೀಳುತ್ತಿದೆ ಎಂದು ಎಣಿಸುವ ಮೊದಲು, ನಾವು ಕೇಳುತ್ತಿರುವುದು ಹೇಗೆ, ಯಾರ ಮುಂದೆ, ಯಾವ ಮಾತಿನಲ್ಲಿ, ಕೇಳಿದ ಮೇಲೆ ಅವಳ ಗತಿ ಏನು ಎಂದು ಅವರು ಕೇಳಿದರು. ಇದನ್ನು ಒಂದು ಬಗೆಯ ಪಕ್ಷಪಾತ ಎಂದು ತಳ್ಳಿಹಾಕಿದವರಿದ್ದಾರೆ. ನನಗೆ ಅದು ತದ್ವಿರುದ್ಧವಾಗಿ ಕಾಣುತ್ತದೆ. ಈ ವಿಷಯದಲ್ಲಿ ನಂಬಬಹುದಾದ ಅಂಕಿ ನಮಗೆ ಸಿಕ್ಕಿದ್ದರೆ ಅದು ಬಹುಮಟ್ಟಿಗೆ ಈ ಹಟದಿಂದ ಸಿಕ್ಕಿದ್ದು.

ಮೊದಲು ನಮ್ಮದೇ ಅಂಕಿಗಳನ್ನು ನೋಡೋಣ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇ 3.1ರಷ್ಟು ಮಂದಿ ಯಾವುದಾದರೂ ಒಂದು ಬಸಿರಿನಲ್ಲಿ ದೈಹಿಕ ಹಿಂಸೆ ಅನುಭವಿಸಿದ್ದಾರೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 3.9 ಇತ್ತು. ನೂರರಲ್ಲಿ ಮೂವರು ಎಂದರೆ ಕಡಿಮೆಯೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಆ ಅಂಕಿಯ ಹಿಂದಿರುವುದು ಒಂದೇ ಒಂದು ಪ್ರಶ್ನೆ: ನೀವು ಬಸುರಿಯಾಗಿದ್ದಾಗ ಯಾರಾದರೂ ನಿಮ್ಮನ್ನು ಹೊಡೆದದ್ದು, ಕಪಾಳಕ್ಕೆ ಬಾರಿಸಿದ್ದು, ಒದ್ದದ್ದು ಅಥವಾ ಬೇರೆ ರೀತಿಯಲ್ಲಿ ದೇಹಕ್ಕೆ ನೋವು ಮಾಡಿದ್ದು ಇದೆಯೇ? ಹೊಟ್ಟೆಗೆ ಸರಿಯಾಗಿ ಹಾಕದೆ ಇದ್ದದ್ದು ಈ ಪ್ರಶ್ನೆಯೊಳಗೆ ಬರುವುದಿಲ್ಲ. ಬೇಡವೆಂದರೂ ಬಿಡದೆ ಮೈಮೇಲೆ ಬಂದದ್ದು ಬರುವುದಿಲ್ಲ. ಏಳು ತಿಂಗಳ ಹೊಟ್ಟೆ ಹೊತ್ತವಳ ಕೈಲಿ ಕೊಡಪಾನ ಹೊರಿಸಿದ್ದು, ಹೊಟ್ಟೆಯಲ್ಲಿರುವುದು ಹೆಣ್ಣಾದರೆ ತೆಗೆಸುತ್ತೇನೆ ಎಂದು ದಿನವೂ ಹೆದರಿಸಿದ್ದು, ಬಾಣಂತನಕ್ಕೆ ತವರಿಗೆ ಕಳಿಸಬೇಕಾದರೆ ಚಿನ್ನ ತರಬೇಕು ಎಂದು ಷರತ್ತು ಹಾಕಿದ್ದು, ಸೀಮಂತದಲ್ಲಿ ಕೊಟ್ಟ ಸೀರೆ ಸಾಲದೆಂದು ತಿಂಗಳುಗಟ್ಟಲೆ ಚುಚ್ಚಿದ್ದು, ಒಂದೂ ಬರುವುದಿಲ್ಲ.

ಮುಂಬೈಯ ಸಾರ್ವಜನಿಕ ಆಸ್ಪತ್ರೆಗಳ ಬಸುರಿ ತಪಾಸಣೆ ವಿಭಾಗದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಇದರ ಪಕ್ಕ ಇಟ್ಟು ನೋಡಿ. ಆರೋಗ್ಯ ಮತ್ತು ಮಹಿಳಾ ಹಕ್ಕುಗಳ ಮೇಲೆ ಕೆಲಸ ಮಾಡುವ ‘ಸೆಹತ್’ ಸಂಸ್ಥೆಯ ಸಂಶೋಧಕಿಯರು ಅಲ್ಲಿ 2,515 ಗರ್ಭಿಣಿಯರನ್ನು ಕೇಳಿದರು. ಕೇಳಿದ್ದು ಏಟಿನ ಬಗ್ಗೆ ಮಾತ್ರ ಅಲ್ಲ, ಹಿಂಸೆಯ ಬೇರೆ ರೂಪಗಳ ಬಗ್ಗೆಯೂ. ಈಗಿನ ಬಸಿರಿನಲ್ಲೇ ದೌರ್ಜನ್ಯ ಅನುಭವಿಸುತ್ತಿದ್ದೇವೆ ಎಂದು ಹೇಳಿದವರು ಶೇ 16ರಷ್ಟು. ಈ ಎರಡು ಅಂಕಿಗಳಲ್ಲಿ ಒಂದು ಸುಳ್ಳು, ಇನ್ನೊಂದು ನಿಜ ಎನ್ನಲು ಬರುವುದಿಲ್ಲ. ಒಂದು ಇಡೀ ದೇಶದ್ದು, ಇನ್ನೊಂದು ಒಂದು ನಗರದ ಆಸ್ಪತ್ರೆಗಳದ್ದು. ಒಂದರಲ್ಲಿ ಮನೆಬಾಗಿಲಿಗೆ ಬಂದ ಸಮೀಕ್ಷೆಯವರು, ಇನ್ನೊಂದರಲ್ಲಿ ಕೇಳಿದ ಮೇಲೆ ಸಹಾಯಕ್ಕೂ ನಿಲ್ಲುವ ಆಪ್ತಸಮಾಲೋಚಕಿ. ಆದರೆ ಮೂರು ಮತ್ತು ಹದಿನಾರರ ನಡುವಿನ ಅಂತರದಲ್ಲಿ ಎಷ್ಟೊಂದು ಹೆಂಗಸರಿದ್ದಾರೆ ಎಂಬುದನ್ನು ಸ್ವಲ್ಪ ನಿಂತು ಯೋಚಿಸಬೇಕು.

ಕಾರಣ ಹೆಂಡತಿಯ ದೇಹದಲ್ಲಿದೆ ಎಂದಾಗ

1975ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಗೆಲೆಸ್ ಬಸಿರು ಮತ್ತು ಹಿಂಸೆಯ ಬಗ್ಗೆ ಒಂದು ಚಿಕ್ಕ ಲೇಖನ ಬರೆದರು. ಕುಟುಂಬದೊಳಗಿನ ಹಿಂಸೆಯ ಬಗ್ಗೆ 80 ಕುಟುಂಬಗಳನ್ನು ಮಾತನಾಡಿಸುವಾಗ, ಬಸುರಿಯಾಗಿದ್ದಾಗ ಹೊಡೆದರು ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬಿದ್ದದ್ದರಿಂದ ಅವರು ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದರು. ಆ ಕಾಲಕ್ಕೆ ಅದು ದೊಡ್ಡ ಮಾತು. ಆದರೆ ಹೀಗೇಕೆ ಆಗುತ್ತದೆ ಎಂಬುದಕ್ಕೆ ಅವರು ಕೊಟ್ಟ ಕಾರಣಗಳನ್ನು ನೋಡಿ: ಗಂಡನಿಗೆ ಲೈಂಗಿಕ ಅತೃಪ್ತಿ, ಸಂಸಾರ ದೊಡ್ಡದಾಗುವ ಒತ್ತಡ, ಹೆಂಡತಿಯ ದೇಹದಲ್ಲಾಗುವ ರಾಸಾಯನಿಕ ಬದಲಾವಣೆಯಿಂದ ಅವಳು ಸಿಡುಕಾಗುವುದು, ಹುಟ್ಟಲಿರುವ ಮಗುವಿನ ಮೇಲಿನ ಸಿಟ್ಟು, ಅವಳು ತಿರುಗಿ ನಿಲ್ಲಲಾಗದ ಸ್ಥಿತಿ. ಕೊನೆಯದನ್ನು ಬಿಟ್ಟರೆ ಉಳಿದವುಗಳಲ್ಲಿ ಹೊಡೆಯುವವನು ಎಲ್ಲೋ ಹಿಂದೆ ಸರಿದುಬಿಡುತ್ತಾನೆ. ಅವನ ಕೈ ಎತ್ತಿಸಿದ್ದು ಒತ್ತಡ, ಅತೃಪ್ತಿ, ಕೊನೆಗೆ ಹೆಂಡತಿಯ ಹಾರ್ಮೋನು.

ಸ್ತ್ರೀವಾದಿಗಳ ಮೊದಲ ತಕರಾರು ಇಲ್ಲಿತ್ತು. ಒತ್ತಡ ಎಲ್ಲರಿಗೂ ಇದೆ. ಅದೇ ಗಂಡಸು ಕಾರ್ಖಾನೆಯಲ್ಲಿ ಮೇಸ್ತ್ರಿಯ ಬೈಗುಳ ತಿಂದು ತಲೆ ತಗ್ಗಿಸುತ್ತಾನೆ, ಮನೆಗೆ ಬಂದು ಬಸುರಿ ಹೆಂಡತಿಯ ಮೇಲೆ ಕೈ ಮಾಡುತ್ತಾನೆ. ಹಾಗಾದರೆ ಕೇಳಬೇಕಾದದ್ದು ಅವನಿಗೆ ಸಿಟ್ಟು ಏಕೆ ಬಂತು ಎಂಬುದಷ್ಟೇ ಅಲ್ಲ. ಆ ಸಿಟ್ಟನ್ನು ಇವಳ ಮೇಲೆ ತೀರಿಸಿಕೊಳ್ಳಬಹುದು ಎಂಬ ಧೈರ್ಯ ಅವನಿಗೆ ಎಲ್ಲಿಂದ ಬಂತು ಎಂಬುದು. ಆ ಧೈರ್ಯ ಕೊಟ್ಟದ್ದು ಮನೆ, ನೆರೆಹೊರೆ, ಪೊಲೀಸ್ ಠಾಣೆ, ‘ಹೊಂದಿಕೊಂಡು ಹೋಗಮ್ಮ’ ಎನ್ನುವ ಹಿರಿಯರು. ಸ್ತ್ರೀವಾದಿ ವಿಶ್ಲೇಷಣೆ ಎಂದರೆ ಅಧಿಕಾರ ಎಲ್ಲಿದೆ ಎಂದು ಹುಡುಕುವುದು, ಅದನ್ನು ಲೆಕ್ಕದಲ್ಲಿ ಸೇರಿಸುವುದು.

ಎರಡನೆಯ ತಕರಾರು ಎಣಿಕೆಯ ಬಗ್ಗೆ. 1979ರಲ್ಲಿ ಮರ್ರೆ ಸ್ಟ್ರಾಸ್ ಎಂಬ ಸಮಾಜಶಾಸ್ತ್ರಜ್ಞ ಸಂಸಾರದೊಳಗಿನ ಜಗಳವನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿದರು. ತಳ್ಳಿದ್ದು ಎಷ್ಟು ಸಲ, ಕಪಾಳಕ್ಕೆ ಹೊಡೆದದ್ದು ಎಷ್ಟು ಸಲ, ವಸ್ತು ಎಸೆದದ್ದು ಎಷ್ಟು ಸಲ ಎಂದು ಕೃತ್ಯಗಳನ್ನು ಒಂದೊಂದಾಗಿ ಹೆಸರಿಸಿ ಕೇಳುವ ಕ್ರಮ. ಇದರಲ್ಲಿ ಒಳ್ಳೆಯದಿದೆ, ‘ನಿಮ್ಮ ಮೇಲೆ ದೌರ್ಜನ್ಯ ನಡೆದಿದೆಯೇ’ ಎಂಬ ಅಮೂರ್ತ ಪ್ರಶ್ನೆಗಿಂತ ‘ಒದ್ದದ್ದು ಇದೆಯೇ’ ಎಂಬ ಪ್ರಶ್ನೆಗೆ ಉತ್ತರಿಸುವುದು ಸುಲಭ. ನಮ್ಮ ರಾಷ್ಟ್ರೀಯ ಸಮೀಕ್ಷೆ ಇಂದಿಗೂ ಇದರ ಬದಲಾಯಿಸಿದ ರೂಪವನ್ನೇ ಬಳಸುತ್ತದೆ. ಆದರೆ ಅದು ಏಟನ್ನು ಎಣಿಸಿತು, ಏಟಿನ ಅರ್ಥವನ್ನು ಬಿಟ್ಟಿತು. ಹೊಟ್ಟೆಗೆ ಒದೆಯಲು ಬಂದವನನ್ನು ಅವಳು ಎರಡೂ ಕೈಯಿಂದ ತಳ್ಳಿದರೆ, ಪಟ್ಟಿಯಲ್ಲಿ ಅವನಿಗೂ ಒಂದು ಗುರುತು, ಅವಳಿಗೂ ಒಂದು ಗುರುತು. ಸಂಶೋಧಕರಾದ ರೆಬೆಕಾ ಡೊಬಾಶ್ ಮತ್ತು ರಸೆಲ್ ಡೊಬಾಶ್ ಮುಂತಾದವರು ಇದನ್ನು ಗಟ್ಟಿಯಾಗಿ ವಿರೋಧಿಸಿದರು. 1980ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಸಂಶೋಧಕಿ ಲಿಝ್ ಕೆಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೆಣ್ಣಿನ ಬದುಕಿನಲ್ಲಿ ಹಿಂಸೆ ಬಿಡಿಬಿಡಿ ಘಟನೆಗಳಾಗಿ ಬರುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಹರಿಯುವ ಪ್ರವಾಹವಾಗಿ ಬರುತ್ತದೆ ಎಂದು ತೋರಿಸಿದರು. ಒಂದೇ ಒಂದು ಸಲ ಹೊಡೆದಿರಬಹುದು. ಆಮೇಲೆ ಅವನು ಕೆಮ್ಮಿದರೆ ಸಾಕು, ಅವಳು ನಡುಗುತ್ತಾಳೆ. ಎಣಿಕೆಯಲ್ಲಿ ಅದು ಒಂದು. ಅವಳಿಗೆ ಅದು ಒಂಬತ್ತು ತಿಂಗಳು.

ಉತ್ತರಿಸಿದ ಸಂದರ್ಶಕಿ

ಇದಕ್ಕೆ ಸ್ವಲ್ಪ ಮೊದಲು, 1970ರ ದಶಕದಲ್ಲಿ, ಲಂಡನ್ನಿನಲ್ಲಿ ಆನ್ ಓಕ್ಲಿ ಎಂಬ ಸಮಾಜಶಾಸ್ತ್ರಜ್ಞೆ ತಾಯಿಯಾಗಲಿದ್ದ ಹೆಂಗಸರನ್ನು ಸಂದರ್ಶಿಸುತ್ತಿದ್ದರು. ಅವರ ವಿಷಯ ದೌರ್ಜನ್ಯವಾಗಿರಲಿಲ್ಲ, ತಾಯ್ತನದ ಅನುಭವವಾಗಿತ್ತು. ಹೆರಿಗೆಗೆ ಮೊದಲು ಎರಡು ಸಲ, ಹೆರಿಗೆಯ ನಂತರ ಎರಡು ಸಲ, ಒಬ್ಬೊಬ್ಬರನ್ನೂ ಮತ್ತೆ ಮತ್ತೆ ಹೋಗಿ ಕಂಡರು. ಸಂದರ್ಶಕಿ ಪ್ರಶ್ನೆ ಕೇಳಬೇಕು, ತಾನು ಉತ್ತರ ಕೊಡಬಾರದು, ಅಭಿಪ್ರಾಯ ಹೇಳಬಾರದು, ಸ್ನೇಹ ಬೆಳೆಸಬಾರದು ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಆದರೆ ಆ ಹೆಂಗಸರು ಸುಮ್ಮನಿರಲಿಲ್ಲ. ನೋವು ತಡೆಯಲು ಬೆನ್ನಿಗೆ ಕೊಡುವ ಇಂಜೆಕ್ಷನ್ನಿನಿಂದ ಮೈ ಸ್ವಾಧೀನ ತಪ್ಪುತ್ತದೆಯೇ, ಮಗು ಎಲ್ಲಿಂದ ಹೊರಬರುತ್ತದೆ ಎಂದೆಲ್ಲ ಅವರನ್ನೇ ಕೇಳಿದರು. ಭಯದಲ್ಲಿರುವ ಬಸುರಿ ಹೀಗೆ ಕೇಳುವಾಗ, ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಎಂಥ ವಿಜ್ಞಾನ? ಓಕ್ಲಿ ಉತ್ತರಿಸಿದರು. 1981ರಲ್ಲಿ ಅದನ್ನು ಸಮರ್ಥಿಸಿ ಬರೆದರು. ಒಬ್ಬಳ ಬದುಕಿನ ಒಳಗುಟ್ಟನ್ನು ಹೊರತೆಗೆದುಕೊಂಡು ಪ್ರತಿಯಾಗಿ ಏನನ್ನೂ ಕೊಡದೆ ಎದ್ದುಹೋಗುವುದು ನೈತಿಕವೂ ಅಲ್ಲ, ಹಾಗೆ ಮಾಡಿದರೆ ನಿಜವೂ ಸಿಗುವುದಿಲ್ಲ ಎಂಬುದು ಅವರ ವಾದ.

ಈ ವಾದಕ್ಕೆ ಅಂಕಿಗಳ ಪುರಾವೆ ಸಿಕ್ಕಿದ್ದು ನರ್ಸ್‌ಗಳ ಕೈಯಿಂದ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಜುಡಿತ್ ಮೆಕ್‌ಫಾರ್ಲೇನ್ ಮತ್ತು ಸಂಗಡಿಗರು 1991ರಲ್ಲಿ ಕುಟುಂಬ ಯೋಜನಾ ಕ್ಲಿನಿಕ್‌ಗಳ ಒಂದು ಹೋಲಿಕೆಯನ್ನು ಪ್ರಕಟಿಸಿದರು. ದೌರ್ಜನ್ಯದ ಪ್ರಶ್ನೆಯನ್ನು ಅರ್ಜಿಯಲ್ಲಿ ಅಚ್ಚು ಹಾಕಿ ‘ನೀವೇ ತುಂಬಿ’ ಎಂದು ಕೊಟ್ಟಾಗ ಹೌದೆಂದು ಗುರುತು ಹಾಕಿದವರು ನೂರಕ್ಕೆ ಸುಮಾರು ಏಳು ಮಂದಿ. ನರ್ಸ್ ಎದುರಿಗೆ ಕೂತು ಅದನ್ನೇ ಬಾಯಿಮಾತಿನಲ್ಲಿ ಕೇಳಿದಾಗ ಹೌದೆಂದವರು ಸುಮಾರು 29. ಮರುವರ್ಷ ಮೆಕ್‌ಫಾರ್ಲೇನ್ ಅವರ ತಂಡ ಹ್ಯೂಸ್ಟನ್ ಮತ್ತು ಬಾಲ್ಟಿಮೋರ್ ನಗರಗಳ ಸಾರ್ವಜನಿಕ ಕ್ಲಿನಿಕ್‌ಗಳಲ್ಲಿ 691 ಗರ್ಭಿಣಿಯರನ್ನು ಮಾತನಾಡಿಸಿದ ಅಧ್ಯಯನ ಹೊರತಂದಿತು. ಪ್ರಶ್ನೆಗಳು ಕೆಲವೇ, ಆದರೆ ಏಕಾಂತದಲ್ಲಿ, ಒಂದೇ ಬಸಿರಿನಲ್ಲಿ ಒಂದಕ್ಕಿಂತ ಹೆಚ್ಚು ಸಲ. ಜೊತೆಗೆ ಮನುಷ್ಯ ದೇಹದ ಒಂದು ರೇಖಾಚಿತ್ರ: ಎಲ್ಲಿ ಏಟು ಬಿತ್ತು ಎಂದು ಬಾಯಲ್ಲಿ ಹೇಳಲಾಗದಿದ್ದರೆ ಚಿತ್ರದ ಮೇಲೆ ತೋರಿಸಬಹುದು. ಆರರಲ್ಲಿ ಒಬ್ಬಳು ಬಸಿರಿನಲ್ಲೇ ದೈಹಿಕ ಅಥವಾ ಲೈಂಗಿಕ ಹಿಂಸೆ ಆಗಿದೆ ಎಂದಳು. ಹೀಗೆ ಹೇಳಿದವರು ಬಸಿರಿನ ಕೊನೆಯ ಮೂರು ತಿಂಗಳಲ್ಲಷ್ಟೇ ಮೊದಲ ತಪಾಸಣೆಗೆ ಬರುವ ಸಾಧ್ಯತೆ ಉಳಿದವರಿಗಿಂತ ಎರಡು ಪಟ್ಟು ಹೆಚ್ಚಿತ್ತು. ‘ಇಷ್ಟು ತಡವಾಗಿ ಬಂದಿದ್ದೀಯಲ್ಲ, ನಿನಗೆ ಮಗುವಿನ ಕಾಳಜಿ ಇಲ್ಲವೇ’ ಎಂದು ಆಸ್ಪತ್ರೆಯಲ್ಲಿ ಗದರುವವರು ಈ ಒಂದು ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಂಡರೂ ಸಾಕು.

ಹೆಸರು ಮರೆಸಿ ಕೇಳಿದ ಸಮೀಕ್ಷೆ

ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಪ್ರಕಟಿಸಿದ ಬಹುರಾಷ್ಟ್ರೀಯ ಅಧ್ಯಯನ ಈ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿತು. ಬಾಂಗ್ಲಾದೇಶ, ಪೆರು, ಇಥಿಯೋಪಿಯಾ, ಜಪಾನ್ ಸೇರಿ ಹತ್ತು ದೇಶ, 24 ಸಾವಿರಕ್ಕೂ ಹೆಚ್ಚು ಹೆಂಗಸರು. ಮಹಿಳಾ ಸಂಘಟನೆಗಳು ಅದರಲ್ಲಿ ಸಲಹೆಗಾರರಾಗಿ ಮಾತ್ರವಲ್ಲ, ಪಾಲುದಾರರಾಗಿಯೂ ಇದ್ದವು. ಹೋಗಿ ಕೇಳುವ ಕ್ರಮವನ್ನೇ ಹೊಸದಾಗಿ ಕಟ್ಟಬೇಕಾಯಿತು. ಊರಿನಲ್ಲಿ ‘ಗಂಡ ಹೊಡೆಯುತ್ತಾನೆಯೇ ಎಂದು ಕೇಳಲು ಬಂದಿದ್ದೇವೆ’ ಎಂದರೆ ಆ ಮನೆಯಲ್ಲಿ ಅಂದು ರಾತ್ರಿ ಏನಾಗುತ್ತದೆ? ಆದ್ದರಿಂದ ಹೊರಗೆ ಹೇಳಿದ ಹೆಸರು ಹೆಂಗಸರ ಆರೋಗ್ಯ ಮತ್ತು ಜೀವನಾನುಭವದ ಸಮೀಕ್ಷೆ. ಒಂದು ಮನೆಯಿಂದ ಒಬ್ಬಳೇ. ಅತ್ತೆ ಸೊಸೆ ಇಬ್ಬರನ್ನೂ ಕೇಳಿದರೆ ಒಬ್ಬರಿಗೆ ಇನ್ನೊಬ್ಬರ ಪ್ರಶ್ನೆ ಗೊತ್ತಾಗುತ್ತದೆ. ಕೇಳುವವರು ಹೆಂಗಸರೇ, ಅವರಿಗೆ ವಾರಗಟ್ಟಲೆ ತರಬೇತಿ. ನಡುವೆ ಯಾರಾದರೂ ಒಳಗೆ ಬಂದರೆ ಮಾತು ತಕ್ಷಣ ಬೇರೆ ವಿಷಯಕ್ಕೆ ಹೊರಳಬೇಕು. ಮುಗಿದ ಮೇಲೆ ಸಹಾಯ ಎಲ್ಲಿ ಸಿಗುತ್ತದೆ ಎಂಬ ಮಾಹಿತಿ ಕೊಡಬೇಕು. ದಿನವಿಡೀ ಇಂಥ ಕತೆ ಕೇಳಿದ ಸಂದರ್ಶಕಿಯರ ಮನಸ್ಸಿನ ಭಾರವನ್ನು ಇಳಿಸಲೂ ವ್ಯವಸ್ಥೆ ಇರಬೇಕು.

ಅಧ್ಯಯನದ ಫಲಿತಾಂಶದಲ್ಲಿ ಬಸಿರಿನ ಭಾಗ ಓದುವಾಗ ಕೈ ತಣ್ಣಗಾಗುತ್ತದೆ. ಬಸುರಿಯಾಗಿದ್ದಾಗ ಹೊಡೆಸಿಕೊಂಡವರ ಪ್ರಮಾಣ ಜಪಾನಿನ ನಗರದಲ್ಲಿ ಶೇ 1. ಪೆರುವಿನ ಒಂದು ಪ್ರಾಂತದಲ್ಲಿ ಶೇ 28. ಹೊಡೆಸಿಕೊಂಡವರಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಮಂದಿಗೆ ಏಟು ಬಿದ್ದದ್ದು ಹೊಟ್ಟೆಗೇ. ಹೊಡೆದವನು ಶೇ 90ಕ್ಕೂ ಹೆಚ್ಚು ಸಂದರ್ಭಗಳಲ್ಲಿ ಆ ಮಗುವಿನ ತಂದೆ. ಹೆಚ್ಚಿನವರಿಗೆ ಬಸಿರಿಗೆ ಮೊದಲೂ ಹೊಡೆತವಿತ್ತು, ಆದರೆ ಕೆಲವು ಕಡೆ ಸುಮಾರು ಅರ್ಧದಷ್ಟು ಮಂದಿ ತಮಗೆ ಮೊದಲ ಏಟು ಬಿದ್ದದ್ದೇ ಬಸುರಿಯಾದಾಗ ಎಂದರು. ಹಾಗಾಗಿ ಬಸಿರು ಹೆಣ್ಣಿಗೆ ಕವಚವೋ ಕುತ್ತೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಒಂದು ಮನೆಯಲ್ಲಿ ಬಯಕೆ ಊಟ ಬಡಿಸುತ್ತಾರೆ, ಇನ್ನೊಂದರಲ್ಲಿ ಅದೇ ಹೊಟ್ಟೆ ಗುರಿಯಾಗುತ್ತದೆ. ಜಾಕ್ವೆಲಿನ್ ಕ್ಯಾಂಪ್‌ಬೆಲ್ ಎಂಬ ಇನ್ನೊಬ್ಬ ನರ್ಸಿಂಗ್ ಪ್ರಾಧ್ಯಾಪಕಿ ಹೆಂಡತಿಯ ಜೀವಕ್ಕೆ ಅಪಾಯ ಎಷ್ಟಿದೆ ಎಂದು ಅಂದಾಜು ಮಾಡಲು ರೂಪಿಸಿದ ಪ್ರಶ್ನೆಗಳಲ್ಲಿ ‘ನೀವು ಬಸುರಿಯಾಗಿದ್ದಾಗ ಅವನು ಹೊಡೆದಿದ್ದಾನೆಯೇ’ ಎಂಬುದೂ ಒಂದು.

ಇನ್ನೊಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. ಹಿಂಸೆ ಅನುಭವಿಸಿದವರಲ್ಲಿ ಬಹಳಷ್ಟು ಹೆಂಗಸರು ಅದನ್ನು ಯಾರಿಗೂ ಹೇಳಿರಲಿಲ್ಲ. ಬಾಂಗ್ಲಾದೇಶದ ನಗರದಲ್ಲಿ ಹೀಗೆ ಹೇಳದೆ ಉಳಿದವರು ಮೂರರಲ್ಲಿ ಇಬ್ಬರು. ತಾಯಿಗೆ ಹೇಳಿರಲಿಲ್ಲ, ಅಕ್ಕತಂಗಿಗೆ ಹೇಳಿರಲಿಲ್ಲ. ಅವರು ಮೊದಲು ಹೇಳಿದ್ದು ಕಾಗದ ಹಿಡಿದು ಬಂದ ಅಪರಿಚಿತ ಹೆಂಗಸಿಗೆ.

ಯಾವ ಮಾತಿನಲ್ಲಿ ಕೇಳುವುದು

‘ಕೌಟುಂಬಿಕ ದೌರ್ಜನ್ಯ’ ಎಂಬುದು ಕಾಯ್ದೆಯ ಮಾತು, ಪತ್ರಿಕೆಯ ಮಾತು. ಹೆಂಗಸರು ತಮ್ಮ ಬದುಕಿಗೆ ಅದನ್ನು ಬಳಸುವುದು ಅಪರೂಪ. ‘ಸಿಟ್ಟು ಬಂದರೆ ಕೈ ಮಾಡುತ್ತಾರೆ’, ‘ಒಂದೇಟು ಹಾಕಿದರು’, ‘ಕುಡಿದು ಬಂದು ಗಲಾಟೆ’, ‘ಅತ್ತೆ ಮನೆಯಲ್ಲಿ ಕಾಟ’. ಏಟು ತಿಂದವಳೂ ಗಂಡನಿಗೆ ಬಹುವಚನವನ್ನೇ ಹಚ್ಚಿ ಹೇಳುತ್ತಾಳೆ. ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವವರು ನಿಘಂಟು ನೋಡಿ ‘ಹಿಂಸೆ’ ಎಂದು ಬರೆದರೆ ಇಲ್ಲ ಎಂಬ ಉತ್ತರ ಬರುತ್ತದೆ, ಏಕೆಂದರೆ ಅವಳ ಲೆಕ್ಕದಲ್ಲಿ ಹಿಂಸೆ ಎಂದರೆ ರಕ್ತ ಬರಬೇಕು, ಊರು ಸೇರಬೇಕು. ಇನ್ನು ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಬೇರೆ. ಅದು ಇಬ್ಬರೂ ಉಂಡರು, ಇಬ್ಬರೂ ಮಲಗಿದರು ಎಂದು ಮೊದಲೇ ನಂಬಿಕೊಂಡಿದೆ. ಎಂಟು ತಿಂಗಳ ಬಸುರಿ ಉಣ್ಣದೆ ಹಿತ್ತಲಲ್ಲಿ ಕೂತಿದ್ದಳೇ ಎಂದು ಆ ಗಾದೆಯನ್ನು ಹೇಳುವವರು ಇಣುಕಿ ನೋಡುವುದಿಲ್ಲ.

ಕರ್ನಾಟಕದ ಅಂಕಿಗಳು ಇಲ್ಲಿ ಒಳ್ಳೆಯ ಪಾಠ. ಗಂಡನಿಂದ ಹಿಂಸೆ ಅನುಭವಿಸಿದವರು ನಮ್ಮ ರಾಜ್ಯದಲ್ಲಿ ನಾಲ್ಕನೇ ಸಮೀಕ್ಷೆಯಲ್ಲಿ ಶೇ 20.6, ಐದನೆಯದರಲ್ಲಿ ಶೇ 44.4. ಇದನ್ನು ಲಾಕ್‌ಡೌನ್ ಫಲ ಎಂದವರಿದ್ದಾರೆ; ಆದರೆ ಕರ್ನಾಟಕದಲ್ಲಿ ಆ ಸಮೀಕ್ಷೆಯ ಮನೆಮನೆ ಭೇಟಿ ಕೋವಿಡ್‌ಗಿಂತ ಮೊದಲೇ ಮುಗಿದಿತ್ತು. ಹಾಗಾದರೆ ನಾಲ್ಕೇ ವರ್ಷದಲ್ಲಿ ಹೊಡೆತ ಎರಡು ಪಟ್ಟಾಯಿತೇ? ಹೇಳುವ ಧೈರ್ಯ ಹೆಚ್ಚಾಯಿತೇ? ಅಥವಾ ಕೇಳಿದವರು, ಕೇಳಿದ ರೀತಿ ಬದಲಾಯಿತೇ? ಅಂಕಿ ತನ್ನಷ್ಟಕ್ಕೆ ಉತ್ತರಿಸುವುದಿಲ್ಲ. ಅದೇ ಸಮೀಕ್ಷೆಯಲ್ಲಿ, ಕೆಲವು ಕಾರಣಗಳಿಗೆ ಗಂಡ ಹೊಡೆದರೆ ಸರಿಯೇ ಎಂದ ಹೆಂಗಸರು ರಾಜ್ಯದಲ್ಲಿ ಸುಮಾರು ಶೇ 77, ಗಂಡಸರು ಸುಮಾರು ಶೇ 82. ಇದನ್ನು ಓದಿ ‘ಹೆಂಗಸರೇ ಒಪ್ಪುತ್ತಾರೆ’ ಎಂದು ಕೈ ತೊಳೆದುಕೊಳ್ಳುವುದು ಬಹಳ ಸುಲಭ. ಆದರೆ ಅಪರಿಚಿತರ ಮುಂದೆ ಅವಳು ಹೇಳಿದ್ದು ತನ್ನ ನಂಬಿಕೆಯೋ, ತನ್ನ ಊರಿನ ನಿಯಮವೋ, ಬದುಕಿ ಉಳಿಯಲು ಕಲಿತ ಪಾಠವೋ ಎಂದು ಕೂತು ಕೇಳದೆ ತಿಳಿಯದು. ಆ ಕೂತು ಕೇಳುವ ಕೆಲಸಕ್ಕೇ ಸ್ತ್ರೀವಾದಿ ಸಂಶೋಧನೆಯಲ್ಲಿ ದೊಡ್ಡ ಬೆಲೆ.

ಯಾರು ಕೂತು ಕೇಳುತ್ತಾರೆ ಎಂಬುದೂ ಮುಖ್ಯ. ಹೆಣ್ಣು ಹೆಣ್ಣಿಗೆ ಹೇಳಿಕೊಳ್ಳುತ್ತಾಳೆ ಎಂಬ ಮೊದಲ ದಿನಗಳ ನಂಬಿಕೆಯನ್ನು ಕಪ್ಪು ಸ್ತ್ರೀವಾದಿಗಳು, ನಮ್ಮಲ್ಲಿ ದಲಿತ ಸ್ತ್ರೀವಾದಿಗಳು ಪ್ರಶ್ನಿಸಿದರು. ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್ಶಾ 1991ರಲ್ಲಿ ಬರೆದಂತೆ, ಜನಾಂಗ ಮತ್ತು ಲಿಂಗ ಎರಡೂ ಕೂಡುವ ಜಾಗದಲ್ಲಿ ನಿಂತವಳ ಮೇಲಿನ ಹಿಂಸೆ ಬರೀ ಲಿಂಗದ ಕಣ್ಣಿಗೆ ಅರ್ಧವೇ ಕಾಣುತ್ತದೆ. ನಗರದ ಮೇಲ್ಜಾತಿಯ ಸಂಶೋಧಕಿ ಕೇರಿಯ ಬಸುರಿಯ ಎದುರು ಕೂತರೆ, ಗಂಡನ ಬಗ್ಗೆ ಹೇಳುವ ಒಂದೊಂದು ಮಾತೂ ‘ಇವರ ಗಂಡಸರೆಲ್ಲ ಹೀಗೆ’ ಎಂಬ ತೀರ್ಪಾಗಬಹುದೆಂದು ಅವಳಿಗೆ ಗೊತ್ತಿರುತ್ತದೆ. ಅವಳು ಮೌನವಾಗುವುದು ಅಂಜಿಕೆಯಿಂದ ಮಾತ್ರ ಅಲ್ಲ, ಮಾನ ಕಾಯುವುದಕ್ಕೂ.

ತಾಯಿ ಮರಣ ಎಂದು ಬರೆಯದ ಸಾವುಗಳು

ಹೆಸರಿಡುವುದರಿಂದ ಏನು ಮರೆಯಾಗುತ್ತದೆ ಎಂಬುದಕ್ಕೆ ಸಾವಿನ ಲೆಕ್ಕಕ್ಕಿಂತ ಕಠೋರ ಉದಾಹರಣೆ ಇಲ್ಲ. ಅಂತರರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ, ಬಸಿರಿನಲ್ಲಿ ಅಥವಾ ಬಸಿರು ಮುಗಿದ 42 ದಿನಗಳೊಳಗೆ, ಬಸಿರಿಗೆ ಸಂಬಂಧಿಸಿದ ಅಥವಾ ಅದರಿಂದ ಉಲ್ಬಣಿಸಿದ ಕಾರಣದಿಂದ ಹೆಂಗಸು ಸತ್ತರೆ ಅದು ತಾಯಿ ಮರಣ. ಆಕಸ್ಮಿಕ ಕಾರಣಗಳು ಇದರಲ್ಲಿ ಸೇರುವುದಿಲ್ಲ. ಕಾಲು ಜಾರಿ ಬಾವಿಗೆ ಬಿದ್ದಳು, ಅಡುಗೆ ಮಾಡುವಾಗ ಸುಟ್ಟುಕೊಂಡಳು ಎಂದು ಬರೆಸಿಕೊಂಡವಳು, ಏಟಿನಿಂದ ಸತ್ತವಳು ಈ ಗೆರೆಯಿಂದ ಆಚೆ ಉಳಿದುಬಿಡುತ್ತಾರೆ. ಪಶ್ಚಿಮ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಬೇಲಾ ಗಣಾತ್ರಾ ಮತ್ತು ಸಂಗಡಿಗರು ಆ ಗೆರೆಯನ್ನು ಸ್ವಲ್ಪ ಸರಿಸಿ, ಮನೆಮನೆಗೆ ಹೋಗಿ, ಸತ್ತ 121 ಹೆಂಗಸರ ಕತೆ ಕೇಳಿದರು. 1998ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಹೆರಿಗೆಯ ನಂತರದ ರಕ್ತಸ್ರಾವದ ಬಳಿಕ ಸಾವಿಗೆ ಎರಡನೇ ದೊಡ್ಡ ಕಾರಣ ಕೌಟುಂಬಿಕ ದೌರ್ಜನ್ಯ, ಸುಮಾರು ಶೇ 16. ರಕ್ತಸ್ರಾವಕ್ಕೆ ಇಂಜೆಕ್ಷನ್ ಇದೆ, ಆಂಬುಲೆನ್ಸ್ ಇದೆ, ಸರ್ಕಾರಿ ಯೋಜನೆ ಇದೆ. ಎರಡನೆಯ ಕಾರಣಕ್ಕೆ ಆ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ.

ಬೆಂಗಳೂರಿನ ‘ವಿಮೋಚನಾ’ ಮಹಿಳಾ ಸಂಘಟನೆಯವರು 1990ರ ದಶಕದಲ್ಲಿ ಮಾಡಿದ್ದೂ ಇದೇ ಜಾತಿಯ ಕೆಲಸ, ಬಸುರಿಯರಿಗೆ ಸೀಮಿತವಲ್ಲದಿದ್ದರೂ. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಬರುತ್ತಿದ್ದ ಮದುವೆಯಾದ ಹೆಣ್ಣುಮಕ್ಕಳ ಹಾಸಿಗೆಯ ಪಕ್ಕ ನಿಂತು, ‘ಸ್ಟೌ ಸಿಡಿಯಿತು’, ‘ಹೊಟ್ಟೆನೋವು ತಾಳಲಾರದೆ’ ಎಂದು ಕಡತಗಳು ಮುಚ್ಚಿಬಿಡುತ್ತಿದ್ದ ಸಾವುಗಳ ಹಿಂದಿನ ಮನೆಗಳನ್ನು ಹುಡುಕಿಕೊಂಡು ಹೋದರು. ವಿಶ್ವವಿದ್ಯಾಲಯದ ಸಂಶೋಧನೆ ಎಂದು ಯಾರೂ ಅದನ್ನು ಕರೆಯಲಿಲ್ಲ. ನನ್ನ ಮಟ್ಟಿಗೆ ಅದು ಸಂಶೋಧನೆಯೇ.

ಗರ್ಭಕ್ಕಾಗಿ ಅಲ್ಲ, ಅವಳಿಗಾಗಿ

ಬಸಿರಿನ ಹಿಂಸೆಯ ಮೇಲಿನ ವೈದ್ಯಕೀಯ ಲೇಖನಗಳನ್ನು ಓದಿದರೆ ಹೆಚ್ಚಿನವು ಕೊನೆಗೆ ಬಂದು ನಿಲ್ಲುವುದು ಮಗುವಿನ ಬಳಿ: ತೂಕ ಕಡಿಮೆಯಾಯಿತೇ, ದಿನ ತುಂಬುವ ಮೊದಲೇ ಹೆರಿಗೆಯಾಯಿತೇ, ಗರ್ಭಪಾತವಾಯಿತೇ. ಈ ಪ್ರಶ್ನೆಗಳು ಬೇಕು. ಆದರೆ ಹೊಡೆತ ತಪ್ಪಾಗುವುದು ಮಗುವಿಗೆ ತೊಂದರೆಯಾದದ್ದರಿಂದಲೇ ಎಂಬಂತೆ ಬರೆದರೆ, ಮೂರು ಕಿಲೋ ತೂಕದ ಆರೋಗ್ಯವಂತ ಮಗು ಹೆತ್ತವಳ ಮುರಿದ ಬೆರಳು ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು ನಗರದ ಸರ್ಕಾರಿ ಆಸ್ಪತ್ರೆಗೆ ಬರುವ ಗರ್ಭಿಣಿಯರಲ್ಲಿ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕಾಗಿಯೇ ಮುಖ್ಯ. ಅವರು ನೋಡಿದ್ದು ಅವಳ ಮನಸ್ಸನ್ನು: ಹಿಂಸೆಗೂ ಲೈಂಗಿಕ ಬಲಾತ್ಕಾರಕ್ಕೂ, ಖಿನ್ನತೆಗೂ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆಗೂ ಇರುವ ನಂಟನ್ನು.

ಇಲ್ಲಿ ಒಂದು ಬಿಕ್ಕಟ್ಟನ್ನು ಮುಚ್ಚಿಡಬಾರದು. ಎಷ್ಟೋ ಹೆಂಗಸರು ‘ನನಗಾಗಿ ಅಲ್ಲ, ಮಗುವಿಗಾಗಿ’ ಎಂದೇ ಮನೆ ಬಿಟ್ಟು ಬರುತ್ತಾರೆ. ಎಷ್ಟೋ ಮಂದಿ ಅದೇ ಮಾತು ಹೇಳಿ ಉಳಿದುಬಿಡುತ್ತಾರೆ. ‘ನೀನು ತಾಯಿಯಷ್ಟೇ ಅಲ್ಲ’ ಎಂದು ಸಂಶೋಧಕಿ ಅವಳಿಗೆ ಬೋಧನೆ ಮಾಡುವಂತಿಲ್ಲ. ಅವಳ ಮಾತನ್ನು ಅವಳ ಮಾತಾಗಿಯೇ ಬರೆದುಕೊಳ್ಳಬೇಕು, ಅದರ ಜೊತೆಗೆ ಅವಳ ಗಾಯವನ್ನೂ ಬರೆಯಬೇಕು.

ಅತ್ತೆಯ ಪ್ರಶ್ನೆಯೂ ಹೀಗೇ ಸಿಕ್ಕು. ಹೊರದೇಶದ ಸಂಶೋಧನೆಗಳಲ್ಲಿ ಹಿಂಸೆ ಎಂದರೆ ಸಂಗಾತಿಯದು. ನಮ್ಮಲ್ಲಿ ಬಸುರಿಯ ಊಟ, ವಿಶ್ರಾಂತಿ, ಆಸ್ಪತ್ರೆಗೆ ಹೋಗುವ ಅನುಮತಿ ಬಹಳ ಮನೆಗಳಲ್ಲಿ ಅತ್ತೆಯ ಕೈಯಲ್ಲಿದೆ. ಸಂಶೋಧಕಿ ಸುನೀತಾ ಕೃಷ್ಣನ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ‘ದಿಲ್ ಮಿಲ್’ ಎಂಬ ಪ್ರಯೋಗದಲ್ಲಿ ಗರ್ಭಿಣಿ ಸೊಸೆಯನ್ನೂ ಅತ್ತೆಯನ್ನೂ ಒಟ್ಟಿಗೆ ಕೆಲಸಕ್ಕೆ ಎಳೆದುಕೊಂಡರು. ಸೊಸೆ ಮತ್ತು ಅತ್ತೆ ಎಂಬ ಇಂಗ್ಲಿಷ್ ಪದಗಳ ಮೊದಲಕ್ಷರಗಳು ಹಿಂದಿಯಲ್ಲಿ ‘ಹೃದಯ ಕೂಡಲಿ’ ಎಂದಾಗುವ ಹೆಸರು ಅದು. ಅತ್ತೆಯನ್ನು ಖಳನಾಯಕಿ ಮಾಡುವುದು ಸುಲಭವಿತ್ತು. ಅವಳೂ ಒಂದು ಕಾಲಕ್ಕೆ ಇದೇ ಮನೆಯಲ್ಲಿ ಏಟು ತಿಂದ ಬಸುರಿಯಾಗಿರಬಹುದು ಎಂಬ ಕಡೆಯಿಂದ ಯೋಚಿಸುವುದು ಕಷ್ಟದ, ಆದರೆ ಹೆಚ್ಚು ಫಲ ಕೊಡುವ ದಾರಿ. ಇದಕ್ಕೆ ಅಪಾಯವೂ ಇದೆ: ಸೊಸೆಯ ಸುರಕ್ಷತೆ ಗಟ್ಟಿಯಾಗದೆ ಅತ್ತೆಯನ್ನು ಕರೆತಂದರೆ ಸೊಸೆ ಹೇಳಿದ್ದೆಲ್ಲ ಮನೆಗೆ ತಲುಪುತ್ತದೆ.

ಕೇಳಿದ ಮೇಲೆ

ಸಂಶೋಧಕಿಗೆ ಕಾನೂನು ಒಡ್ಡುವ ಇಕ್ಕಟ್ಟೂ ಇದೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ದೈಹಿಕ, ಲೈಂಗಿಕ, ಮಾತಿನ, ಮಾನಸಿಕ, ಆರ್ಥಿಕ ಹಿಂಸೆಯನ್ನೆಲ್ಲ ಒಳಗೊಳ್ಳುತ್ತದೆ. ಸಮೀಕ್ಷೆಯ ಪ್ರಶ್ನೆಗಿಂತ ಕಾಯ್ದೆಯ ವ್ಯಾಖ್ಯೆ ವಿಶಾಲವಾಗಿದೆ. ಅಲ್ಲಿ ದೂರು ಕೊಡುವುದು, ಬಿಡುವುದು ಅವಳ ಇಚ್ಛೆ. ಆದರೆ ಎದುರಿಗೆ ಕೂತ ಬಸುರಿಗೆ 17 ವರ್ಷವಾದರೆ? 18 ತುಂಬದವರ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ‘ನೀವು ಹೇಳಿದ್ದು ನಮ್ಮಲ್ಲೇ ಉಳಿಯುತ್ತದೆ’ ಎಂದು ಅವಳಿಗೆ ಪ್ರಾಮಾಣಿಕವಾಗಿ ಹೇಳಲು ಬರುವುದಿಲ್ಲ. ತಿಳಿಸಿದರೆ ಅವಳು ಆಸ್ಪತ್ರೆಗೇ ಬರುವುದನ್ನು ನಿಲ್ಲಿಸಬಹುದು. ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ವಯಸ್ಸು ಕೇಳುವ ಮೊದಲೇ ಈ ಮಿತಿಯನ್ನು ಅವಳಿಗೆ ತಿಳಿಸುವುದು ಕನಿಷ್ಠ ಮರ್ಯಾದೆ.

ಮುಂಬೈಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಸೆಹತ್ ಸಂಸ್ಥೆ ಮತ್ತು ನಗರಪಾಲಿಕೆ ಸೇರಿ 2000ದ ಹೊತ್ತಿಗೆ ಆರಂಭಿಸಿದ ‘ದಿಲಾಸಾ’ ಕೇಂದ್ರ ನನ್ನ ಕಣ್ಣಿಗೆ ಈ ಚಿಂತನೆಯ ಅತ್ಯುತ್ತಮ ಫಲ. ಹೊರಗಿನಿಂದ ಬಂದು ಕೇಳಿ ಹೋಗುವ ಬದಲು, ಆಸ್ಪತ್ರೆಯ ನರ್ಸ್, ವೈದ್ಯರು, ಸಿಬ್ಬಂದಿಗೇ ಗುರುತಿಸಲು, ಕೇಳಲು, ದಾಖಲಿಸಲು ಕಲಿಸಿದರು. ಕೇಳಿದ ಪ್ರಶ್ನೆಯ ಇನ್ನೊಂದು ತುದಿಯಲ್ಲಿ ಅದೇ ಕಟ್ಟಡದಲ್ಲಿ ಒಂದು ಕೋಣೆ, ಒಬ್ಬ ಆಪ್ತಸಮಾಲೋಚಕಿ. ಹೆಂಗಸು ‘ತಪಾಸಣೆಗೆ ಹೋಗಿದ್ದೆ’ ಎಂದು ಮನೆಯಲ್ಲಿ ಹೇಳಿದರೆ ಸಾಕು. ಮುಂದೆ ಮುಂಬೈಯ ಬೇರೆ ಸರ್ಕಾರಿ ಆಸ್ಪತ್ರೆಗಳಿಗೂ ಇದು ಹರಡಿತು, ಮತ್ತು ಅಲ್ಲಿ ಸೇರಿದ ಅನುಭವವೇ 2,515 ಗರ್ಭಿಣಿಯರ ಆ ಅಧ್ಯಯನಕ್ಕೆ ನೆಲವಾಯಿತು.

ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ತೂಕ ನೋಡುವಾಗಲೋ ಮೂತ್ರ ಪರೀಕ್ಷೆಗೆ ಕಳಿಸುವಾಗಲೋ ಬಸುರಿ ಐದು ನಿಮಿಷ ಒಬ್ಬಳೇ ಇರುವಂತೆ ಮಾಡುವುದು ಯಾವ ನರ್ಸ್‌ಗೂ ಸಾಧ್ಯ. ಕೇಳುವವಳಿಗೆ ತರಬೇತಿ ಇರಬೇಕು, ಮುಂದೆ ಎಲ್ಲಿಗೆ ಕಳಿಸಬೇಕು ಎಂದು ಗೊತ್ತಿರಬೇಕು, ಬರೆದುಕೊಂಡದ್ದು ಮನೆಗೆ ಹೋಗುವ ಕಾರ್ಡಿನಲ್ಲಿ ಇರಬಾರದು. ಈ ಶೀರ್ಷಿಕೆಯ ಕಾಲಂ ತಾಯಿ ಕಾರ್ಡಿನಲ್ಲೇ ಬರಲಿ ಎಂದು ನಾನು ಕೇಳದಿರುವುದು ಅದಕ್ಕೇ. ಆ ಕಾರ್ಡನ್ನು ಗಂಡನೂ ತೆರೆದು ನೋಡುತ್ತಾನೆ.

ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಇದು ಲೇಖನವಲ್ಲ, ತಮ್ಮದೇ ಮನೆಯಾಗಿದ್ದರೆ: ಮಹಿಳಾ ಸಹಾಯವಾಣಿಯ ಸಂಖ್ಯೆ 181, ತುರ್ತಿಗೆ 112. ಜಿಲ್ಲೆಯ ಸಖಿ ಕೇಂದ್ರದಲ್ಲಿ ಚಿಕಿತ್ಸೆ, ಕಾನೂನು ನೆರವು, ಕೆಲವು ದಿನದ ಆಸರೆ ಕೇಳಬಹುದು. ಸಾಧ್ಯವಾದರೆ ನಂಬಿಕೆಯ ನೆರೆಯವರ ಅಥವಾ ಆಶಾ ಕಾರ್ಯಕರ್ತೆಯ ಫೋನಿನಿಂದ ಕರೆ ಮಾಡಿ. ನಿಮ್ಮ ಫೋನಿನಿಂದಲೇ ಮಾಡಿದರೆ, ಮಾತು ಮುಗಿದ ಕೂಡಲೇ ಆ ಸಂಖ್ಯೆಯನ್ನು ಅಳಿಸಿಬಿಡಿ.